ಸತ್ತುಹೋದ ಎಎಫ್‌ಸಿ ಚಾಲೆಂಜ್ ಕಪ್: ಏಣಿನಾ, ಹಿಂಬಾಗಿಲಾ?

ಕೆಸರಲ್ಲಿ ಚೆಂಡು:
ಮೊನ್ನೆ ಫ್ರೆಂಡ್ ಒಬ್ಬನ ಜೊತೆ ದೊಡ್ಡ ವಾದ ಆಯ್ತು, ಬಗೆಹರೀಲಿಲ್ಲ, ಅದಕ್ಕೆ ಇಲ್ಲಿ ತಂದು ಹಾಕ್ತಿದೀನಿ. ಇಂಡಿಯಾ ಫುಟ್‌ಬಾಲ್ ಟೀಮ್ 2011ರ ಏಷ್ಯನ್ ಕಪ್‌ಗೆ ಹೋಗಿದ್ದೇ ಹಿಂಬಾಗಿಲಿಂದ, ಎಎಫ್‌ಸಿ (ಅಂದ್ರೆ ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಅನ್ನೋದು ಕೈಲಾಗದವರನ್ನೆಲ್ಲ ಒಂದ್ಕಡೆ ಗುಡ್ಡೆ ಹಾಕಿ ಆಡಿಸಿದ ಸಮಾಧಾನಕರ ಬಹುಮಾನ, ಅದನ್ನ ಗೆದ್ದೆ ಅಂತ ಹೇಳ್ಕೊಳ್ಳೋಕೂ ನಾಚಿಕೆ ಆಗ್ಬೇಕು ಅಂತಾನೆ. ನಂಗೆ ಮೈ ಉರಿದೋಯ್ತು. 2008 ಆಗಸ್ಟ್ 13, ದಿಲ್ಲಿ ಅಂಬೇಡ್ಕರ್ ಸ್ಟೇಡಿಯಂ, ತಜಿಕಿಸ್ತಾನದ ಮೇಲೆ 4-1, ಸುನಿಲ್ ಛೆಟ್ರಿ ಹ್ಯಾಟ್ರಿಕ್, ಇನ್ನೊಂದು ಗೋಲು ಬೈಚುಂಗ್ ಭುಟಿಯಾದು. ಅದಕ್ಕೂ ಮುಂಚೆ ಇಂಡಿಯಾ ಏಷ್ಯನ್ ಕಪ್ ಆಡಿದ್ದು 1984ರಲ್ಲಿ ಗುರು, ಅಂದ್ರೆ ಛೆಟ್ರಿ ಹುಟ್ಟಿದ ವರ್ಷ! ಅವನು ಹುಟ್ಟಿ, ಬೆಳೆದು, 24 ವರ್ಷದವನಾಗಿ, ಫೈನಲ್ಲಲ್ಲಿ ಮೂರು ಗೋಲು ಹೊಡೆದು ಕರ್ಕೊಂಡು ಹೋಗ್ಬೇಕಾಯ್ತು.

ಹೊಸಬರಿಗೆ ಹೇಳ್ಬಿಡ್ತೀನಿ, ಈ ಕಪ್ ನಡೆದಿದ್ದು ಐದೇ ಸಲ. 2006ರಲ್ಲಿ ಬಾಂಗ್ಲಾದೇಶದಲ್ಲಿ, ಗೆದ್ದಿದ್ದು ತಜಿಕಿಸ್ತಾನ. 2008 ನಮ್ದು. 2010 ಶ್ರೀಲಂಕಾ, 2012 ನೇಪಾಳ, ಎರಡೂ ಸಲ ಉತ್ತರ ಕೊರಿಯಾ ಹೊತ್ಕೊಂಡು ಹೋಯ್ತು. 2014 ಮಾಲ್ಡೀವ್ಸ್, ಗೆದ್ದಿದ್ದು ಪ್ಯಾಲೆಸ್ತೀನ್. ಅಲ್ಲಿಗೆ ಅಂಗಡಿ ಬಂದ್. ಜಪಾನ್, ದಕ್ಷಿಣ ಕೊರಿಯಾ, ಸೌದಿ ಅಂಥವರ ಕೈಯಲ್ಲಿ ಏಳು ಎಂಟು ಗೋಲು ತಿನ್ನೋ ಬದಲು ಸಣ್ಣ ದೇಶಗಳು ತಮ್ಮ ತಮ್ಮಲ್ಲೇ ಆಡಿ ಬೆಳೀಲಿ ಅನ್ನೋದು ಎಎಫ್‌ಸಿ ಲೆಕ್ಕಾಚಾರ. ಮೊದಲನೇ ಸಲ ಬರೀ ಕಪ್ ಕೊಟ್ರು, 2008ರಿಂದ ಗೆದ್ದವರಿಗೆ ಸೀದಾ ಏಷ್ಯನ್ ಕಪ್ ಟಿಕೆಟ್. ಇದು ಹಿಂಬಾಗಿಲು ಹೆಂಗಾಗುತ್ತೆ ಹೇಳಿ ನೀವೇ.

ಹುಬ್ಳಿ ಹಾಫ್‌ಬ್ಯಾಕ್:
ನಿಮ್ ಗೆಳ್ಯಾ ಹೇಳಿದ್ರಾಗ ಅರ್ಧಾ ಖರೇ ಐತ್ರಿ, ಸಿಟ್ಟಿಗೇಳಬ್ಯಾಡ್ರಿ. ಆವಾಗ ಏಷ್ಯನ್ ಕಪ್‌ನ್ಯಾಗ ಇದ್ದದ್ದೇ 16 ಜಾಗಾ. ಅದ್ರಾಗ ಎರಡು ಈ ಚಾಲೆಂಜ್ ಕಪ್ ಗೆದ್ದೋರಿಗೆ ಅಂತ ತಗದಿಟ್ರು. ಅದೇ 2011ಕ್ಕ ಓಮನ್ ಮನ್ಯಾಗ ಕುಂತಿತ್ತು, ಥಾಯ್ಲೆಂಡ್ ಮನ್ಯಾಗ ಕುಂತಿತ್ತು. ಅವರು ಇರಾನು, ಆಸ್ಟ್ರೇಲಿಯಾ ಅಂಥವರ ಜೋಡಿ ಊರೂರು ತಿರುಗಿ ಕ್ವಾಲಿಫೈಯರ್ ಆಡಿ ಸೋತ್ರು, ನಾವು ನಮ್ಮ ಮನಿ ಅಂಗಳದಾಗ ಐದು ಮ್ಯಾಚ್ ಆಡಿ ಹೋದ್ವಿ. ಓಮನ್ ಮಂದಿ ಜಾಗದಾಗ ನಿಂತು ನೋಡ್ರಿ ಒಮ್ಮೆ, ಹಿಂಬಾಗಲಾ ಅಲ್ಲದ ಮತ್ತೇನ್ ಅಂತಾರ ಅವ್ರು?

ಗಚ್ಚಿಬೌಲಿ ಕನ್ನಡಿಗ:
ಮನೆ ಅಂಗಳ ಅಂದ್ರಲ್ಲ ಸಾರ್, ಆ ಅಂಗಳ ಹೆಂಗಿತ್ತು ಅಂತ ನಾನು ಹೇಳ್ತೀನಿ. ಆಗ ನಾನು ಹೈದರಾಬಾದಲ್ಲಿ ಕೆಲಸಕ್ಕೆ ಸೇರಿ ವರ್ಷ ಆಗಿತ್ತಷ್ಟೆ, ರೂಮಲ್ಲಿ ಮೂರು ಜನ, ಅದರಲ್ಲಿ ಫುಟ್‌ಬಾಲ್ ಹುಚ್ಚು ನಂಗೊಬ್ಬಂಗೇ. ಟೂರ್ನಿ ಪೂರ್ತಿ ಹೈದರಾಬಾದಲ್ಲೇ ಅಂತ ಗೊತ್ತಾದಾಗ ಹಬ್ಬ ಬಂದಂಗಾಗಿತ್ತು. ಆದ್ರೆ ಜುಲೈ ಕೊನೆ, ಆಗಸ್ಟು, ಮಳೆ ಬಿಡ್ಬೇಕಲ್ಲ. ಅಫ್ಘಾನಿಸ್ತಾನದ ಮ್ಯಾಚಿಗೆ ಹೋದವನು ಅರ್ಧ ಟೈಮು ಛತ್ರಿ ಕೆಳಗಿಂದಾನೇ ನೋಡಿದ್ದು. ಚೆಂಡು ಪಾಸ್ ಮಾಡಿದ್ರೆ ಮಧ್ಯದಲ್ಲೇ ನೀರಲ್ಲಿ ಪಚಕ್ ಅಂತ ನಿಂತೋಗೋದು, ಆಟಗಾರರು ಅದನ್ನ ಎಮ್ಮೆ ಹುಡುಕ್ಕೊಂಡು ಬರೋ ಥರ ವಾಪಸ್ ಬರೋರು. ಗೋಲೇ ಇಲ್ಲ, ಎಲ್ಲಾರೂ ಎದ್ದು ಹೊರಟಾಗಿತ್ತು, ಇಂಜುರಿ ಟೈಮಲ್ಲಿ ಕ್ಲೈಮ್ಯಾಕ್ಸ್ ಲಾರೆನ್ಸ್ ಹೊಡೆದ. ಹೆಸರು ಕ್ಲೈಮ್ಯಾಕ್ಸು, ಹೊಡೆದಿದ್ದೂ ಕ್ಲೈಮ್ಯಾಕ್ಸಲ್ಲಿ, ಇದನ್ನ ಯಾರಾದ್ರೂ ಕತೇಲಿ ಬರೆದ್ರೆ ನಂಬ್ತಿರಲಿಲ್ಲ.

ಆಮೇಲೆ ತಜಿಕಿಸ್ತಾನದ ಜೊತೆ 1-1, ತುರ್ಕ್‌ಮೆನಿಸ್ತಾನದ ಮೇಲೆ 2-1, ಎರಡೂ ಭುಟಿಯಾ. ಸೆಮಿಫೈನಲ್ಲಲ್ಲಿ ಮ್ಯಾನ್ಮಾರ್ ಮೇಲೆ ಛೆಟ್ರಿದು ಒಂದೇ ಒಂದು ಗೋಲು, 1-0. ನೋಡಿ, ಫೈನಲ್ ಬಿಟ್ರೆ ಒಂದು ಮ್ಯಾಚನ್ನೂ ಎರಡು ಗೋಲಿನ ಅಂತರದಲ್ಲಿ ಗೆದ್ದಿಲ್ಲ ನಾವು. ಅಷ್ಟೊತ್ತಿಗೆ ಇಲ್ಲಿನ ಮೈದಾನ ಭತ್ತದ ಗದ್ದೆ ಆಗಿತ್ತು, ಫೈನಲ್ಲನ್ನ ದಿಲ್ಲಿಗೆ ಎತ್ಕೊಂಡು ಹೋದ್ರು. ನಾನು ರಜೆ ಹಾಕಿ ಕೂತಿದ್ದೆ! ಕ್ಯಾನ್ಸಲ್ ಮಾಡಿ ಆಫೀಸಿಗೆ ಹೋಗಿ ಪೇಜ್ ರಿಫ್ರೆಶ್ ಮಾಡ್ತಾ ಸ್ಕೋರ್ ನೋಡಿದ್ದು. ಅರ್ಧ ಗಂಟೆಯೊಳಗೆ 3-0 ಅಂತ ಬಂತು, ಸೈಟ್ ಕೆಟ್ಟೋಗಿದೆ ಅನ್ಕೊಂಡೆ.

ಸುಮ್ನೆ ಓದ್ತೀನಿ:
ಎಮ್ಮೆ ಹುಡುಕ್ಕೊಂಡು ಬರೋ ಥರ 😂😂

ಆಸ್ಟಿನ್‌ಟೌನ್ ಹತ್ತು:
ಆ ಫೈನಲ್ ಬಗ್ಗೆ ಮಾರನೇ ದಿನ ಪೇಪರಲ್ಲಿ ದೊಡ್ಡದಾಗಿ ಏನೂ ನೋಡಿದ ನೆನಪಿಲ್ಲ ನಂಗೆ, ಅದಕ್ಕೆ ಕಾರಣಾನೂ ಇದೆ. ಎರಡು ದಿನ ಮುಂಚೆ, ಆಗಸ್ಟ್ 11ಕ್ಕೆ ಬೀಜಿಂಗ್ ಒಲಿಂಪಿಕ್ಸಲ್ಲಿ ಶೂಟರ್ ಅಭಿನವ್ ಬಿಂದ್ರಾ ಚಿನ್ನ ಹೊಡೆದಿದ್ದ. ದೇಶ ಪೂರ್ತಿ ಬಂದೂಕಿನ ಕಡೆ ತಿರುಗಿತ್ತು, ಫುಟ್‌ಬಾಲ್ ಯಾರಿಗೆ ಬೇಕು. ನಮ್ಮ ಏರಿಯಾದಲ್ಲಿ ಮಾತ್ರ ಆ ರಾತ್ರಿ ಪಟಾಕಿ. ಪೆಲೆಗೆ ಪ್ರತಿಮೆ ಇಟ್ಕೊಂಡಿರೋ ಗೌತಮಪುರ ಇರೋ ಊರು ಸ್ವಾಮಿ ನಮ್ದು.

ಅಂಕಿಸಂಖ್ಯೆ ತಾತ:
ಭಾವನೆ ಎಲ್ಲ ಸರಿ, ಸ್ವಲ್ಪ ಲೆಕ್ಕ ನೋಡೋಣ್ವಾ. ಚಾಲೆಂಜ್ ಕಪ್‌ನಿಂದ ಏಷ್ಯನ್ ಕಪ್‌ಗೆ ಒಟ್ಟು ನಾಲ್ಕು ಟಿಕೆಟ್ ಹೋಗಿವೆ: 2011ಕ್ಕೆ ಭಾರತ ಮತ್ತು ಉತ್ತರ ಕೊರಿಯಾ, 2015ಕ್ಕೆ ಮತ್ತೆ ಉತ್ತರ ಕೊರಿಯಾ ಮತ್ತು ಪ್ಯಾಲೆಸ್ತೀನ್. ತಲಾ ಮೂರು ಮ್ಯಾಚು, ಹನ್ನೆರಡು. ಗೆದ್ದಿದ್ದು ಸೊನ್ನೆ. ಡ್ರಾ ಒಂದು, ಅದೂ ಯುಎಇ ಜೊತೆ ಉತ್ತರ ಕೊರಿಯಾದವರ 0-0. ಉಳಿದ ಹನ್ನೊಂದೂ ಸೋಲು. ಹೊಡೆದ ಗೋಲು ಆರು, ಅದರಲ್ಲಿ ಮೂರು ನಮ್ದೇ, ಆದ್ರೆ ನಾವು ತಿಂದಿದ್ದು 13: ಆಸ್ಟ್ರೇಲಿಯಾ 4, ಬಹ್ರೇನ್ 5, ದಕ್ಷಿಣ ಕೊರಿಯಾ 4. ಏಣಿ ಅಂತೀರಿ, ಹತ್ತಿದವರೆಲ್ಲಾ ಮೇಲಿಂದ ಬಿದ್ದೇ ಬಂದಿದಾರಲ್ಲ.

ಕೆಸರಲ್ಲಿ ಚೆಂಡು:
ತಾತ ಈ ಲೆಕ್ಕ ಎಲ್ಲಿಂದ ತಗೊಂಡು ಬಂದ್ರಿ, ಹೊಟ್ಟೆಗೆ ಒದ್ದಂಗಾಯ್ತು. ಆದ್ರೂ ನಮ್ಮ ಗ್ರೂಪಲ್ಲಿ ಇದ್ದಿದ್ದು ಯಾರು ನೋಡಿ, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ. ಆ ವರ್ಷ ಆಸ್ಟ್ರೇಲಿಯಾ ಫೈನಲ್ ಆಡ್ತು, ಕೊರಿಯಾ ಮೂರನೇದು ಬಂತು.

ದೋಹಾದಿಂದ ನಮಸ್ಕಾರ:
2011ರ ಏಷ್ಯನ್ ಕಪ್ ಕತಾರಲ್ಲಿ ನಡೆದಾಗ ನಾನು ಇಲ್ಲೇ ಇದ್ದೆ, ಈಗ್ಲೂ ಇಲ್ಲೇ ಇದೀನಿ, ಕೆಲಸ ಬದಲಾಯ್ತು ಬಿಸಿಲು ಬದಲಾಗಿಲ್ಲ. ನೀವೆಲ್ಲಾ 13 ಗೋಲು ಅಂತೀರಿ, ಸ್ಟೇಡಿಯಂ ಒಳಗೆ ಕೂತವರಿಗೆ ಕಂಡಿದ್ದೇ ಬೇರೆ. ಕೆಲಸದ ಸೈಟಿಂದ ಬಸ್ಸಲ್ಲಿ ಸೀದಾ ಬಂದಿದ್ದ ಜನ, ಮಲಯಾಳಿಗಳು ಜಾಸ್ತಿ, ನಮ್ಮ ಮಂಗಳೂರು ಉಡುಪಿ ಕಡೆಯವರೂ ಕಮ್ಮಿ ಇರ್ಲಿಲ್ಲ, ಆಸ್ಟ್ರೇಲಿಯಾ ಮೂರು ಹೊಡೆದ ಮೇಲೂ ಕೂಗು ನಿಲ್ಲಲಿಲ್ಲ. ಗೋಲ್‌ಕೀಪರ್ ಸುಬ್ರತಾ ಪಾಲ್ ಇಲ್ಲದಿದ್ರೆ ಕೊರಿಯಾ ಮ್ಯಾಚಲ್ಲಿ 4 ಅಲ್ಲ, 10 ಆಗಿರೋದು, ಅವನು ಹಾರಿ ಹಾರಿ ತಡೀತಿದ್ದ ನೋಡಿ, ಸ್ಪೈಡರ್‌ಮ್ಯಾನ್ ಅನ್ನೋ ಹೆಸರು ಸುಮ್ನೆ ಬರ್ಲಿಲ್ಲ. ಭುಟಿಯಾ ಗಾಯ ಮಾಡ್ಕೊಂಡು ಬೆಂಚಲ್ಲಿ ಕೂತಿದ್ದ, ಟಿಕೆಟ್ ತಂದುಕೊಟ್ಟವನೇ ಆಡೋ ಹಂಗಿಲ್ಲ. ಕೊನೇ ಮ್ಯಾಚಲ್ಲಿ ಸ್ವಲ್ಪ ಹೊತ್ತು ಇಳಿದ. ಅವನು ಲೈನ್ ಹತ್ರ ಬಂದು ನಿಂತಾಗ ಪಕ್ಕದಲ್ಲಿದ್ದ ಬಂಗಾಳಿ ಒಬ್ಬ ಅಳ್ತಿದ್ದ, ನಂಗೆ ಅವನ ಹೆಸರೂ ಗೊತ್ತಿಲ್ಲ, ಇಬ್ರೂ ತಬ್ಕೊಂಡ್ವಿ. ಹನ್ನೆರಡು ಮ್ಯಾಚ್ ಸೊನ್ನೆ ಗೆಲುವು ಅನ್ನೋದು ನಿಜ, ಆ ಟೇಬಲ್ಲಲ್ಲಿ ಇದಕ್ಕೆ ಕಾಲಂ ಇಲ್ಲ.

ಕುಡ್ಲದ ಗೋಲಿ:
ಅಲ್ಲ ಮಾರಾಯ್ರೆ, ಎಲ್ಲರೂ ಇಂಡಿಯಾ ಇಂಡಿಯಾ ಅಂತ ಇದ್ದೀರಿ, ನಿಜವಾದ ತಮಾಷೆ ಉಂಟಲ್ಲ, ಅದು ಉತ್ತರ ಕೊರಿಯಾದ್ದು. 2010ರ ಫೆಬ್ರವರಿಯಲ್ಲಿ ಕೊಲಂಬೋದಲ್ಲಿ ಈ ಸಣ್ಣವರ ಕಪ್ ಗೆದ್ದದ್ದು, ತುರ್ಕ್‌ಮೆನಿಸ್ತಾನದ ಎದುರು 1-1 ಆಗಿ ಪೆನಾಲ್ಟಿಯಲ್ಲಿ. ಅದೇ ವರ್ಷ ಜೂನಿನಲ್ಲಿ ಎಲ್ಲಿದ್ದರು ಗೊತ್ತುಂಟಾ? ಸೌತ್ ಆಫ್ರಿಕಾದಲ್ಲಿ, ವರ್ಲ್ಡ್ ಕಪ್ಪಿನಲ್ಲಿ! ಬ್ರೆಜಿಲಿಗೆ ಒಂದು ಗೋಲು ಹೊಡೆದು 2-1ಕ್ಕೆ ಸೋತರು, ಆಮೇಲೆ ಪೋರ್ಚುಗಲ್ ಕೈಯಲ್ಲಿ ಏಳು ತಿಂದರು, ಅದು ಬೇರೆ ಕತೆ. ವರ್ಲ್ಡ್ ಕಪ್ ಆಡ್ಲಿಕ್ಕೆ ಹೋಗುವ ಟೀಮು "ಇನ್ನೂ ಬೆಳೆಯಬೇಕಾದ ದೇಶ" ಅಂತ ಹೇಳಿ ಶ್ರೀಲಂಕಾ, ಬಾಂಗ್ಲಾದೇಶ ಇದ್ದ ಟೂರ್ನಿಗೆ ಬಂದರೆ ಎಂಥ ಹೇಳುವುದು? ಪಿಯುಸಿ ಹುಡುಗ ಬಂದು ಅಂಗನವಾಡಿಯ ಓಟದ ಸ್ಪರ್ಧೆಯಲ್ಲಿ ಫಸ್ಟ್ ಬಂದ ಹಾಗೆ. ನನ್ನ ಪ್ರಕಾರ ಈ ಕಪ್ಪು ಹಾಳಾದದ್ದು ಅಲ್ಲಿಂದಲೇ. ಸಣ್ಣವರಿಗೆ ಅಂತ ಇಟ್ಟ ನಾಲ್ಕು ಟಿಕೆಟಿನಲ್ಲಿ ಎರಡನ್ನು ಅವರೇ ತೆಗೆದುಕೊಂಡು ಹೋದರು.

ಆಸ್ಟಿನ್‌ಟೌನ್ ಹತ್ತು:
+1. ಆದ್ರೆ 2008ರಲ್ಲೂ ಕೊರಿಯಾ ಇತ್ತಲ್ಲ? ಆಗ್ಲೂ ಆಡಿದ್ರು, ಮೂರನೇ ಸ್ಥಾನ.

ಕುಡ್ಲದ ಗೋಲಿ:
ಹೌದು ಇತ್ತು, ಸೆಮಿಯಲ್ಲಿ ತಜಿಕಿಸ್ತಾನ ಅವರನ್ನು ಹೊರಗೆ ಹಾಕಿತು, ನಮ್ಮ ಪುಣ್ಯ. ಫೈನಲಿಗೆ ಅವರು ಬಂದಿದ್ದರೆ ಈ ಚರ್ಚೆಯೇ ಇರ್ತಿರಲಿಲ್ಲ ಅಂತ ಕಾಣ್ತದೆ.

ಹುಬ್ಳಿ ಹಾಫ್‌ಬ್ಯಾಕ್:
ಇದಕ್ಕ ನಾ ಒಪ್ಪತೀನ್ರಿ. ಆದ್ರ ಬರೀ ಕೊರಿಯಾಕ್ಕ ಬೈದ್ರ ಆಗಂಗಿಲ್ಲ, ನಾವರ ಏನ್ ಮಾಡಿದ್ವಿ? ಟಿಕೇಟ್ ಸಿಕ್ಕಿಂದ ಈ ಕಪ್ಪನ್ನ ತಿರುಗಿ ನೋಡಿದ್ವೇನು?

ಆಸ್ಟಿನ್‌ಟೌನ್ ಹತ್ತು:
ಹಾ, ಇಲ್ಲಿಗೆ ಬರ್ಬೇಕಿತ್ತು ನೀವು, ನಂಗೆ ಹೊಟ್ಟೆ ಉರಿಯೋದೇ ಇದು. 2006ರಲ್ಲಿ ಚಿಕ್ಕ ಹುಡುಗರ ಟೀಮ್ ಕಳ್ಸಿದ್ವಿ, ಕ್ವಾರ್ಟರ್‌ಫೈನಲ್ಲಲ್ಲಿ ನೇಪಾಳ 3-0 ಬಾರಿಸ್ತು. 2008ರಲ್ಲಿ ಸೀರಿಯಸ್ಸಾಗಿ ತಗೊಂಡ್ವಿ, ಕೋಚ್ ಬಾಬ್ ಹೌಟನ್ ಎರಡು ವರ್ಷದಿಂದ ಒಂದೇ ಗುಂಪನ್ನ ಕಟ್ಟಿದ್ದ, 2007ರಲ್ಲಿ ಸಿರಿಯಾನ ಸೋಲಿಸಿ ನೆಹರು ಕಪ್ ಗೆದ್ದಿದ್ದ ಗುಂಪು ಅದು, ಅದಕ್ಕೇ ಗೆದ್ವಿ. 2010ರಲ್ಲಿ ಟಿಕೆಟ್ ಜೇಬಲ್ಲಿದೆ ಅಂತ ಮತ್ತೆ 23ರ ಕೆಳಗಿನ ಹುಡುಗರನ್ನ ಕಳ್ಸಿದ್ವಿ, ಮೂರಕ್ಕೆ ಮೂರೂ ಸೋತು ಬಂದ್ರು, ಸರಿ ಹೋಗ್ಲಿ. 2012 ಕಾಠ್ಮಂಡುಗೆ ಮೇನ್ ಟೀಮೇ ಹೋಗಿದ್ದು, ಛೆಟ್ರಿನೂ ಇದ್ದ: ತಜಿಕಿಸ್ತಾನ 2, ಫಿಲಿಪೀನ್ಸ್ 2, ಉತ್ತರ ಕೊರಿಯಾ 4, ನಮ್ದು ಮೂರೂ ಮ್ಯಾಚ್ ಸೇರಿ ಒಂದೂ ಇಲ್ಲ. ನಾಲ್ಕು ವರ್ಷದ ಹಿಂದೆ ಚಾಂಪಿಯನ್ ಆಗಿದ್ದವರು ಒಂದು ಗೋಲೂ ಹೊಡೀದೆ ವಾಪಸ್ ಬಂದ್ರು. 2014ಕ್ಕಂತೂ ಕ್ವಾಲಿಫೈಯೇ ಆಗ್ಲಿಲ್ಲ, ಮ್ಯಾನ್ಮಾರಲ್ಲಿ ಮ್ಯಾನ್ಮಾರ್ ಕೈಲಿ 0-1 ಸೋತು ಹೊರಗೆ. ಗೆದ್ದು ಹಾಳಾದವರು ನಾವು. ಏಣಿ ಸರಿ ಇತ್ತು, ಒಂದ್ಸಲ ಹತ್ತಿ ಇಳಿದ ಮೇಲೆ ಅದನ್ನ ಮಳೇಲಿ ಬಿಟ್ವಿ ಅಷ್ಟೆ.

ಮೂರನೇ ಬೆಂಚು:
ನಾನೇ ಆ ಫ್ರೆಂಡು. ಲಿಂಕ್ ಕಳ್ಸಿದ್ದ ಪುಣ್ಯಾತ್ಮ. ನಾಚಿಕೆ ಆಗ್ಬೇಕು ಅಂತ ಹೇಳಿದ್ದು 2012ರ ಬಗ್ಗೆ ಕಣೋ, 2008ರ ಬಗ್ಗೆ ಅಲ್ಲ, ಸುಳ್ಳು ಹೇಳ್ಬೇಡ. ಹಿಂಬಾಗಿಲು ಅಂದಿದ್ದು ಮಾತ್ರ ನಿಜ, ವಾಪಸ್ ತಗೊಳಲ್ಲ. ತಾತನ ಪೋಸ್ಟ್ ಓದಿ ತುಂಬಾ ಸಂತೋಷ ಆಯ್ತು.

ಕೆಸರಲ್ಲಿ ಚೆಂಡು:
ಬಂದ್ಯಾ ಬಾ. ಎರಡೂ ಬಗ್ಗೆ ಹೇಳ್ದೆ ನೀನು, ಬಿಲ್ ಕೊಟ್ಟಿದ್ದು ನಾನು, ನಂಗೆ ನೆನಪಿದೆ.

ಈಗ ನಿಂಗೆ ಒಂದು ಕತೆ ಹೇಳ್ತೀನಿ ಕೇಳು, ನಾನು ಈ ಪೋಸ್ಟ್ ಹಾಕೋಕೆ ನಿಜವಾದ ಕಾರಣಾನೇ ಇದು. ತಜಿಕಿಸ್ತಾನ. ಮೊದಲನೇ ಕಪ್ ಗೆದ್ದವರು ಅವರೇ, ಬಾಂಗ್ಲಾದೇಶಕ್ಕೆ ಅವರ ಮನೇಲೇ 6-1 ಹೊಡೆದು, ಫೈನಲ್ಲಲ್ಲಿ ಶ್ರೀಲಂಕಾಗೆ 4-0. ಆದ್ರೆ ಆ ಸಲ ಟಿಕೆಟ್ ಇರ್ಲಿಲ್ಲ! ಟಿಕೆಟ್ ಇಟ್ಟ 2008ರಲ್ಲಿ ಫೈನಲ್ ತನಕ ಬಂದ್ರು, ನಾವು ಸಿಕ್ವಿ. 2010ರಲ್ಲಿ ಮೂರನೇ ಸ್ಥಾನ. ಅಂದ್ರೆ ಮೂರು ಸಲ ಬಾಗಿಲ ತನಕ ಬಂದು, ಒಂದ್ಸಲನೂ ಒಳಗೆ ಹೋಗ್ಲಿಲ್ಲ. ಕಪ್ ನಿಂತೋಯ್ತು, 24 ಟೀಮಿನ ಏಷ್ಯನ್ ಕಪ್ ಬಂತು, 2019ಕ್ಕೂ ಅವರು ಕ್ವಾಲಿಫೈ ಆಗ್ಲಿಲ್ಲ. ಕೊನೆಗೆ ಕತಾರಲ್ಲಿ 2024ರ ಜನವರೀಲಿ ನಡೀತಲ್ಲ, ಅಲ್ಲಿಗೆ ಫಸ್ಟ್ ಟೈಮ್ ಹೋದ್ರು. ಏನಾಯ್ತು? ಲೆಬನಾನ್ ಸೋಲಿಸಿದ್ರು, ಯುಎಇನ ಪೆನಾಲ್ಟೀಲಿ ಮನೆಗೆ ಕಳ್ಸಿದ್ರು, ಕ್ವಾರ್ಟರ್‌ಫೈನಲ್ ಆಡಿದ್ರು. ಅದೇ ಟೂರ್ನೀಲಿ ನಾವು ಮೂರು ಮ್ಯಾಚ್, ಮೂರು ಸೋಲು, ಸೊನ್ನೆ ಗೋಲು. ನಾನು ಆ ಯುಎಇ ಮ್ಯಾಚ್ ನೋಡ್ತಾ ಇದ್ದಾಗ ತಲೇಲಿ ಓಡ್ತಿದ್ದಿದ್ದು ಒಂದೇ, ಅಂಬೇಡ್ಕರ್ ಸ್ಟೇಡಿಯಮ್ಮಲ್ಲಿ ಇವರನ್ನೇ 4-1 ಹೊಡೆದಿದ್ವಲ್ಲಾ ಅಂತ.

ಮೂರನೇ ಬೆಂಚು:
ಸರಿ, ಆದ್ರೆ ಇದು ನನ್ನ ಪಾಯಿಂಟೇ ಆಯ್ತಲ್ಲ? ಚಾಲೆಂಜ್ ಕಪ್ ಟಿಕೆಟ್ ಸಿಗದೇ ಇದ್ದವರು ಬೆಳೆದ್ರು, ಸಿಕ್ಕಿದವರು ಅಲ್ಲೇ ಇದಾರೆ.

ಅಂಕಿಸಂಖ್ಯೆ ತಾತ:
ಒಂದು ಉದಾಹರಣೆ ಇಟ್ಕೊಂಡು ಹಾಗೆ ಹೇಳೋಕಾಗಲ್ಲ. ಪ್ಯಾಲೆಸ್ತೀನ್ ನೋಡಿ, ಟಿಕೆಟ್ ಸಿಕ್ಕವರೇ, 2015ರಲ್ಲಿ ಮೂರೂ ಸೋತರು, ಜಪಾನ್ 4, ಜೋರ್ಡಾನ್ 5, ಇರಾಕ್ 2. ಅದೇ ಪ್ಯಾಲೆಸ್ತೀನ್ ನೀವು ಹೇಳಿದ 2024ರ ಟೂರ್ನಿಯಲ್ಲಿ ಹಾಂಗ್‌ಕಾಂಗ್ ಮೇಲೆ 3-0 ಗೆದ್ದು ನಾಕ್‌ಔಟ್ ತನಕ ಹೋಯ್ತು, ಕತಾರ್ ಎದುರು 1-2ಕ್ಕೆ ಸೋತಿದ್ದು. ನಾನು ಮೇಲೆ ಕೊಟ್ಟ ಲೆಕ್ಕ ಸರಿಯೇ ಇದೆ, ಆದ್ರೆ ಆ ಹನ್ನೆರಡು ಮ್ಯಾಚು ನಡೆದಿದ್ದು 16 ಟೀಮಿನ ಕಾಲದಲ್ಲಿ, ಗ್ರೂಪಲ್ಲಿ ಸುಲಭದ ಎದುರಾಳಿ ಅಂತ ಯಾರೂ ಇರ್ತಿರಲಿಲ್ಲ, ಅದನ್ನ ನಾನು ಆಗಲೇ ಹೇಳಬೇಕಿತ್ತು.

ಕುಡ್ಲದ ಗೋಲಿ:
ಪ್ಯಾಲೆಸ್ತೀನ್ ಹೆಸರು ಬಂದದ್ದಕ್ಕೆ ಒಂದು ಮಾತು. 2014ರ ಮಾಲ್ಡೀವ್ಸ್ ಟೂರ್ನಿಯಲ್ಲಿ ಅವರು ಐದು ಮ್ಯಾಚು ಆಡಿ ಒಂದೇ ಒಂದು ಗೋಲು ಬಿಟ್ಟುಕೊಡ್ಲಿಲ್ಲ. ಫೈನಲಿನಲ್ಲಿ ಫಿಲಿಪೀನ್ಸ್ ಎದುರು ಅಶ್ರಫ್ ನುಮಾನ್ ಒಂದು ಫ್ರೀಕಿಕ್ ಹೊಡೆದ ನೋಡಿ, 1-0, ಅಷ್ಟೇ ಸಾಕಾಯಿತು. ನಮ್ಮ ಕಡೆ ಒಂದು ಊರಿನ ಟೀಮು ಪಕ್ಕದ ಊರಿಗೆ ಆಡ್ಲಿಕ್ಕೆ ಹೋಗುವಾಗ ಟೆಂಪೋ ಸಿಗ್ಲಿಲ್ಲ ಅಂತ ಮ್ಯಾಚು ಕ್ಯಾನ್ಸಲ್ ಮಾಡ್ತಾರೆ. ಅವರಿಗೆ ಗಾಜಾದ ಆಟಗಾರ ವೆಸ್ಟ್ ಬ್ಯಾಂಕಿನ ಪ್ರಾಕ್ಟೀಸಿಗೆ ಬರ್ಬೇಕಾದರೆ ಪರ್ಮಿಟ್ ಬೇಕು, ಸಿಕ್ಕಿದರೆ ಸಿಕ್ಕಿತು. ಅಂಥವರು ಏಷ್ಯನ್ ಕಪ್ಪಿಗೆ ಮೊದಲ ಸಲ ಹೋದದ್ದು ಈ "ಹಿಂಬಾಗಿಲಿನಿಂದ". ಅದು ಹಿಂಬಾಗಿಲಾದರೆ ಮುಂಬಾಗಿಲಿನ ಬೀಗ ಯಾರ ಹತ್ರ ಇತ್ತು ಅಂತ ಕೇಳ್ಬೇಕಾಗ್ತದೆ.

ಸುಮ್ನೆ ಓದ್ತೀನಿ:
ಇದನ್ನ ಯಾಕೆ ನಿಲ್ಸಿದ್ರು ಅಂತ ಯಾರೂ ಹೇಳ್ಲೇ ಇಲ್ಲ

ಹುಬ್ಳಿ ಹಾಫ್‌ಬ್ಯಾಕ್:
ಸರಳ ಐತ್ರಿ ಅದು. 2019ರಿಂದ ಏಷ್ಯನ್ ಕಪ್ 24 ಟೀಮಿಗೆ ದೊಡ್ಡದು ಮಾಡಿದ್ರು, ವರ್ಲ್ಡ್ ಕಪ್ ಕ್ವಾಲಿಫೈಯರನ್ನೂ ಏಷ್ಯನ್ ಕಪ್ ಕ್ವಾಲಿಫೈಯರನ್ನೂ ಒಂದಕ್ಕೊಂದು ಗಂಟ್ ಹಾಕಿದ್ರು. ಎಲ್ಲಾರಿಗೂ ಮ್ಯಾಚು, ಎಲ್ಲಾರಿಗೂ ಛಾನ್ಸು, ಹಂಗಾಗಿ ಸಣ್ಣೋರಿಗೆ ಅಂತ ಬ್ಯಾರೆ ಏಣಿ ಯಾಕ ಅಂತ ಇದನ್ನ ಕೈಬಿಟ್ರು. 2016ಕ್ಕ ಸಾಲಿಡಾರಿಟಿ ಕಪ್ ಅಂತ ಒಂದು ಮಲೇಷ್ಯಾದಾಗ ಮಾಡಿದ್ರು, ಕ್ವಾಲಿಫೈಯರ್‌ದಾಗ ಬಿದ್ದೋರಿಗೆ, ನೇಪಾಳ ಮಕಾವ್ ಮ್ಯಾಲೆ 1-0 ಗೆದ್ದಿತು. ಅದಕ್ಕೂ ಟಿಕೇಟ್ ಇರ್ಲಿಲ್ಲ ಬಿಡ್ರಿ.

ಮತ್ತ ಆ ಮಕಾವ್ ಅಂದ್ರ ನೆನಪಾತು, ಇಲ್ಲಿ ಅರ್ಧಾ ಮಂದಿ ಬೆಂಗ್ಳೂರೋರು, ಯಾರೂ ಹೇಳ್ಲಿಲ್ಲಲ್ರಿ! 2017 ಅಕ್ಟೋಬರ್, ಕಂಠೀರವ ಸ್ಟೇಡಿಯಂ, ಅದೇ ಮಕಾವ್ ಮ್ಯಾಲೆ ಇಂಡಿಯಾ 4-1, 2019ರ ಏಷ್ಯನ್ ಕಪ್‌ಗೆ ಕ್ವಾಲಿಫೈ ಆದದ್ದು ಅವತ್ತು ರಾತ್ರಿ. ನಾ ಹುಬ್ಬಳ್ಳಿಯಿಂದ ಬಸ್ ಹತ್ತಿ ಬಂದಿದ್ದೆ. ಮುಂಬಾಗಲದಿಂದ ಒಳಗ ಹೋಗೂದಂದ್ರ ಇದು ನೋಡ್ರಿ, ಮನ್ಯಾಗೂ ಆಡಿ, ಹೊರಗೂ ಆಡಿ, ಕಿರ್ಗಿಸ್ತಾನ ಮ್ಯಾನ್ಮಾರ್ ಅಂಥವರ ಎದುರು ಪಾಯಿಂಟ್ ಪಾಯಿಂಟ್ ಕೂಡಿಸಿ. ಆ 2019ರಾಗ ಥಾಯ್ಲೆಂಡಿಗೆ 4-1 ಹೊಡದ್ವಿ ನಾವು. ಚಾಲೆಂಜ್ ಕಪ್ಪಿಂದ ಹೋದೋರು ಯಾರೂ ಮಾಡದಿದ್ದದ್ದು.

ಆಸ್ಟಿನ್‌ಟೌನ್ ಹತ್ತು:
ನಾನೂ ಇದ್ದೆ ಅವತ್ತು! ಒಂದು ಗಮನ್ಸಿದೀರಾ, 2008 ದಿಲ್ಲಿ 4-1, 2017 ಬೆಂಗಳೂರು 4-1, ಥಾಯ್ಲೆಂಡ್ 4-1. ನಮ್ ಖುಷಿ ಎಲ್ಲಾ ಒಂದೇ ಸ್ಕೋರಲ್ಲಿ ಬರುತ್ತೆ.

ದೋಹಾದಿಂದ ನಮಸ್ಕಾರ:
2011ರಲ್ಲಿ ದಕ್ಷಿಣ ಕೊರಿಯಾ ಕೈಲಿ ಸೋತಿದ್ದೂ 1-4 😐

ಅಂಕಿಸಂಖ್ಯೆ ತಾತ:
ಹುಬ್ಬಳ್ಳಿಯವರ ಮಾತಿಗೆ ಒಂದು ತಿದ್ದುಪಡಿ. 24 ಟೀಮ್ ಮಾಡಿದ್ರು, ಅದಕ್ಕೇ ಸಣ್ಣವರಿಗೆ ಬೇರೆ ಏಣಿ ಬೇಡ ಅನ್ನೋದು ಎಎಫ್‌ಸಿ ವಾದ. ಆದ್ರೆ ಯೂರೋಪಲ್ಲೂ ಯೂರೋ ಕಪ್ 24 ಟೀಮೇ, ಆದ್ರೂ ಅಲ್ಲಿ ನೇಷನ್ಸ್ ಲೀಗ್ ಅಂತ ಮಾಡಿ ಕೆಳಗಿನ ದರ್ಜೆಯವರಿಗೂ ಪ್ಲೇಆಫ್ ದಾರಿ ಇಟ್ಟರು. ಉತ್ತರ ಮ್ಯಾಸಿಡೋನಿಯಾ ಕಟ್ಟಕಡೆಯ ಡಿ ದರ್ಜೆಯಿಂದ ಯೂರೋ 2020ಕ್ಕೆ ಹೋಯ್ತು. ಜಾರ್ಜಿಯಾ ಸಿ ದರ್ಜೆಯಿಂದ ಯೂರೋ 2024ಕ್ಕೆ ಹೋಗಿ ಪೋರ್ಚುಗಲ್ಲನ್ನೇ 2-0 ಸೋಲಿಸ್ತು. ಅದನ್ನ ಯಾರೂ ಹಿಂಬಾಗಿಲು ಅನ್ನಲಿಲ್ಲ, ಚೆಂದದ ಕತೆ ಅಂದ್ರು. ಏಷ್ಯಾ ಅದೇ ಐಡಿಯಾನ ಹತ್ತು ವರ್ಷ ಮುಂಚೆ ಮಾಡಿತ್ತು, ಒರಟೊರಟಾಗಿ ಮಾಡಿತ್ತು, ಉತ್ತರ ಕೊರಿಯಾದಂಥವರನ್ನ ಒಳಗೆ ಬಿಟ್ಟು ಕೆಡಿಸ್ಕೊಳ್ತು, ಆದ್ರೆ ಮಾಡಿತ್ತು. ನಾನು ಮೊದಲನೇ ಪೋಸ್ಟಲ್ಲಿ ಸ್ವಲ್ಪ ಜಾಸ್ತಿಯೇ ಕಟುವಾಗಿ ಬರೆದೆ.

ಮೂರನೇ ಬೆಂಚು:
ತಾತ ನೀವೂ ಆ ಕಡೆ ಹೋಗ್ಬಿಟ್ರಾ.

ಸರಿ ನನ್ನ ಕೊನೇ ಮಾತು. ಜಾರ್ಜಿಯಾ ಬಾಗಿಲು ದಾಟಿದ ಮೇಲೆ ಏನ್ ಮಾಡ್ತು ಅನ್ನೋದ್ರಿಂದ ಅದು ಚೆಂದದ ಕತೆ ಆಯ್ತು. ನಾವು 2011 ಆದ್ಮೇಲೆ 2015ಕ್ಕೆ ಇಲ್ಲ, 2019 ಮತ್ತೆ 2024ಕ್ಕೆ ಹೋದ್ವಿ, ಈಗ 2027ಕ್ಕೆ ಸಿಂಗಾಪುರದ ಕೈಲಿ ಮಡಗಾಂವಲ್ಲಿ 1-2 ಸೋತು ಮತ್ತೆ ಮನೇಲಿ. 24 ಟೀಮ್ ಹೋಗೋ ಜಾಗಕ್ಕೆ ಹೋಗಕ್ಕಾಗ್ತಿಲ್ಲ. ಇದಕ್ಕೆ ಚಾಲೆಂಜ್ ಕಪ್ ಇದ್ದಿದ್ರೆ ಏನು ಇಲ್ಲದಿದ್ರೆ ಏನು.

ಕೆಸರಲ್ಲಿ ಚೆಂಡು:
ಇದ್ದಿದ್ರೆ 2027ಕ್ಕೆ ಇನ್ನೊಂದು ಛಾನ್ಸ್ ಇರ್ತಿತ್ತು ಕಣೋ, ಅಷ್ಟೇ ನಾನು ಹೇಳೋದು. ಮತ್ತೆ ಮರೀಬೇಡ, 2025ರ ಆಗಸ್ಟಲ್ಲಿ ಮಧ್ಯ ಏಷ್ಯಾದವರ ಕಾಫಾ ನೇಷನ್ಸ್ ಕಪ್‌ಗೆ ಹೋಗಿ ಇದೇ ತಜಿಕಿಸ್ತಾನನ ಅವರ ಊರಲ್ಲೇ 2-1 ಸೋಲಿಸಿ ಬಂದ್ವಿ. ಏಷ್ಯಾದ ಕ್ವಾರ್ಟರ್‌ಫೈನಲ್ ಆಡಿದ ಟೀಮು. ಎರಡು ತಿಂಗಳು ಆದ್ಮೇಲೆ ಸಿಂಗಾಪುರಕ್ಕೆ ಸೋತ್ವಿ. ಇದನ್ನ ವಿವರ್ಸೋಕೆ ನನ್ನ ಕೈಲಾಗಲ್ಲ, ಬಿಲ್ ಮಾತ್ರ ಕೊಡ್ಬಹುದು.

ಮೂರನೇ ಬೆಂಚು:
ಶನಿವಾರ ಬಾ, ನಾನು ಕೊಡ್ತೀನಿ. 2008ರ ಫೈನಲ್ ವೀಡಿಯೋ ಎಲ್ಲಾದ್ರೂ ಪೂರ್ತಿ ಸಿಗುತ್ತಾ ಯಾರ ಹತ್ರಾನಾದ್ರೂ? ನಿಜ ಹೇಳ್ಬೇಕಂದ್ರೆ ನಾನು ನೋಡಿಲ್ಲ ಅದನ್ನ.

ಕೆಸರಲ್ಲಿ ಚೆಂಡು:
ನೋಡೇ ಇಲ್ವಾ??? ಎರಡು ಗಂಟೆ ವಾದ ಮಾಡಿದ್ಯಲ್ಲೋ!!

ಗಚ್ಚಿಬೌಲಿ ಕನ್ನಡಿಗ:
ಹೈಲೈಟ್ಸ್ ಅಂತ ಸ್ವಲ್ಪ ಸ್ವಲ್ಪ ತುಣುಕು ಸಿಗುತ್ತೆ ಹುಡುಕಿದ್ರೆ, ಮಸುಕು ಮಸುಕು. ಪೂರ್ತಿ ಮ್ಯಾಚ್ ನಾನೂ ಹುಡುಕ್ತಾನೇ ಇದೀನಿ ಸಾರ್, ಸಿಕ್ರೆ ಇಲ್ಲೇ ಹಾಕಿ. ನಂಗೆ ಆ ಮೊದಲ ಮೂರು ಗೋಲು ರಿಫ್ರೆಶ್ ಬಟನ್ ಇಲ್ಲದೆ ನೋಡ್ಬೇಕು.